ಅಪ್ಪನಿಗೆ ಕಣ್ಣಾಗಿದ್ದ ಮೂರು ಬೇಸಿಗೆ

ನಮ್ಮ ಮನೆಯಲ್ಲಿ ಮೂವರೂ ಒಟ್ಟಿಗೆ ಕೂತು ಭಾನುವಾರದ ಊಟ ಮುಗಿಸಿದ್ದು ನನಗೆ ನೆನಪಿಲ್ಲ. ಅಮ್ಮ ಹುರಿದ ಮಾಂಸವನ್ನು ಮೇಜಿಗೆ ತಂದಿಡುವುದಕ್ಕೂ ಹೊರಗೆ ಯಾವುದಾದರೊಂದು ದೋಣಿ ಭೋಂಕ್ ಎನ್ನುವುದಕ್ಕೂ ಸರಿಹೋಗುತ್ತಿತ್ತು. ಅಪ್ಪ ಬಾಯಲ್ಲಿದ್ದ ಆಲೂಗಡ್ಡೆ ನುಂಗುತ್ತಲೇ ಟೋಪಿ ತಲೆಗಿಟ್ಟುಕೊಂಡು ಹೊರಡುತ್ತಿದ್ದ. ಹಿಂದೆ ನಾನು. ಊರವರು ನೀರಿನ ಮೇಲೆ ಸುಖಪಡಲೆಂದು ನಾವು ತಣ್ಣಗಾದ ಊಟ ಮಾಡುವುದು, ಲಾಕು ಕಾಯುವವರ ಸಂಸಾರವೆಂದರೆ ಇಷ್ಟೇ. ದಡದಲ್ಲಿ ನಿಂತು ನೋಡುವವರು ಮಾತ್ರ ನಮ್ಮ ಮನೆಯ ಕಡೆ ಕೈತೋರಿಸಿ, "ಆಹಾ, ಎಂಥ ನೆಮ್ಮದಿಯ ಬಾಳು," ಎಂದು ನಿಟ್ಟುಸಿರು ಬಿಟ್ಟು, ಐಸ್‌ಕ್ರೀಮಿನ ಕಾಗದವನ್ನು ನಮ್ಮ ಗುಲಾಬಿ ಗಿಡದ ಬುಡಕ್ಕೆ ಹಾಕಿ ಹೋಗುತ್ತಿದ್ದರು.

ಥೇಮ್ಸ್ ನದಿ ನಮ್ಮ ಹಾರ್ಕೊಂಬ್ ಹಳ್ಳಿಯ ಹತ್ತಿರ ಆರು ಅಡಿ ಇಳಿಯುತ್ತದೆ. ನದಿಗೇನೋ ಇಳಿಯಲು ಬರುತ್ತದೆ, ದೋಣಿಗೆ ಬರುವುದಿಲ್ಲ. ಅದಕ್ಕೇ ಈ ಲಾಕು: ಕಲ್ಲಿನ ಉದ್ದನೆಯ ತೊಟ್ಟಿ, ಎರಡು ತುದಿಗೂ ಜೋಡಿ ಕದ, ಕದಗಳ ಅಡಿಯಲ್ಲಿ ತೂಬು. ಕೆಳಗೆ ಹೋಗುವ ದೋಣಿ ತುಂಬಿದ ತೊಟ್ಟಿಯೊಳಗೆ ಬಂದು ನಿಂತ ಮೇಲೆ ಮೇಲಿನ ಕದ ಮುಚ್ಚಿ, ಚಕ್ರ ತಿರುಗಿಸಿ ಕೆಳಗಿನ ತೂಬು ಎತ್ತಬೇಕು. ನೀರು ಇಳಿದಂತೆ ದೋಣಿಯೂ ಇಳಿಯುತ್ತದೆ. ದೋಣಿಯವರು ಮಾಡಬೇಕಾದದ್ದು ಒಂದೇ. ಹಗ್ಗವನ್ನು ದಡದ ಗೂಟಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಕೈಯಲ್ಲಿ ಹಿಡಿದು, ನೀರು ಇಳಿದಂತೆ ಸಡಿಲ ಬಿಡುತ್ತಾ ಹೋಗಬೇಕು. ಗಂಟು ಹಾಕಬಾರದು. ಗಂಟು ಹಾಕಿದರೆ ನೀರು ಇಳಿಯುತ್ತದೆ, ದೋಣಿ ಅಲ್ಲೇ ಗೋಡೆಗೆ ನೇತುಬೀಳುತ್ತದೆ. ಇದು ಮಗುವಿಗೂ ಅರ್ಥವಾಗುವ ವಿಷಯ. ಅರ್ಥವಾಗದೆ ಹೋಗುವುದು ಲಂಡನ್ನಿನಿಂದ ಬಂದು ಬಾಡಿಗೆ ದೋಣಿ ಹಿಡಿಯುವ, ಬಿಳಿ ಪ್ಯಾಂಟಿನ ದೊಡ್ಡ ಮನುಷ್ಯರಿಗೆ.

ನಾನು ಹದಿನೈದು ತುಂಬಿದ ಮರುದಿನ ಶಾಲೆ ಬಿಟ್ಟೆ. ಅಮ್ಮನಿಗೆ ಮನೆಗೆಲಸಕ್ಕೆ ಜನ ಬೇಕು ಎಂದು ಟೀಚರಿಗೆ ಹೇಳಲಾಯಿತು. ಜನ ಬೇಕಾಗಿದ್ದದ್ದು ಅಪ್ಪನಿಗೆ. ಆ ವರ್ಷ ಅಪ್ಪನ ಕಣ್ಣಿಗೆ ಪೊರೆ ಬರಲು ಶುರುವಾಗಿತ್ತು. ಪೊರೆ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. "ಬೆಳಕು ಸರಿಯಿಲ್ಲ," ಎನ್ನುತ್ತಿದ್ದ ಅಪ್ಪ. ಆ ಮಾತಿನಂತೆ ನಡೆದರೆ ಇಂಗ್ಲೆಂಡಿನಲ್ಲಿ ಮೂರು ವರ್ಷ ಬೆಳಕೇ ಸರಿಯಿರಲಿಲ್ಲ, ಜೂನ್ ತಿಂಗಳ ಮಧ್ಯಾಹ್ನದಲ್ಲೂ.

ಹೇಳಿದರೆ ಏನಾಗುತ್ತದೆಂದು ಮೂವರಿಗೂ ಗೊತ್ತಿತ್ತು. ಮನೆ ನದಿ ಕಚೇರಿಯದು. ಕಣ್ಣು ಕಾಣದ ಲಾಕು ಕಾವಲುಗಾರ ಅವರಿಗೆ ಬೇಡ. ಕೆಲಸ ಹೋದರೆ ಒಂದು ತಿಂಗಳಲ್ಲಿ ಮನೆ ಬಿಡಬೇಕು. ಆಮೇಲೆ ರೆಡಿಂಗ್ ಪಟ್ಟಣದಲ್ಲಿ ದೊಡ್ಡಮ್ಮ ಐಡಾಳ ಮಾಳಿಗೆ, ನನಗೆ ಅವಳ ಚಹಾದಂಗಡಿಯಲ್ಲಿ ಕೆಲಸ. ದಿನಕ್ಕೆ ಇನ್ನೂರು ಅಪರಿಚಿತರ ಮುಖ ನೋಡಿ, ನಗುತ್ತಾ, "ಏನು ಬೇಕಿತ್ತು?" ಎಂದು ಕೇಳುವ ಕೆಲಸ. ಪೋಸ್ಟ್‌ಮ್ಯಾನ್ ಗುಡ್ ಮಾರ್ನಿಂಗ್ ಅಂದರೆ ಬಾಗಿಲ ಹಿಂದೆ ಸರಿಯುವವಳು ನಾನು. ನದಿಗೆ ಬೀಳುವುದು ಅದಕ್ಕಿಂತ ವಾಸಿ ಎಂದುಕೊಂಡಿದ್ದೆ, ಈಜು ಬರದಿದ್ದರೂ.

ಹೀಗಾಗಿ ನಾನು ಅಪ್ಪನ ಎಡ ಭುಜದ ಹಿಂದೆ ನಿಲ್ಲತೊಡಗಿದೆ. ತುಟಿ ಅಲುಗದಂತೆ ಹೇಳುತ್ತಿದ್ದೆ: "ಎರಡು. ಮುಂದಿನದು ಅಗಲ. ಹಿಂದೆ ಚಿಕ್ಕ ಹುಟ್ಟುದೋಣಿ, ಮಕ್ಕಳಿದ್ದಾರೆ." ಅಪ್ಪ ಅದನ್ನೇ ಗಟ್ಟಿಯಾಗಿ ಅಧಿಕಾರವಾಣಿ ಮಾಡುತ್ತಿದ್ದ. "ದೊಡ್ಡ ದೋಣಿ ಮುಂದೆ ಬನ್ನಿ. ಮಕ್ಕಳೇ, ಗೋಡೆಗೆ ಕೈ ಚಾಚಬೇಡಿ." ಜನ ಬೆರಗಾಗುತ್ತಿದ್ದರು. ಇಂಜಿನ್ನಿನ ಸದ್ದಿನ ಮೇಲೆ ಯಾರ ದೋಣಿ ಎಂದು ಹೇಳುವುದನ್ನೂ ಅಪ್ಪ ಕಲಿತಿದ್ದ. ಬೇಸಿಗೆಯಿಡೀ ನದಿಯಲ್ಲೇ ಇರುತ್ತಿದ್ದ ಮೇಜರ್ ಸ್ಟ್ರೋಡ್ ಒಂದು ದಿನ ನನಗೆ ಹೇಳಿದರು, "ನಿಮ್ಮಪ್ಪಂದು ಹದ್ದಿನ ಕಣ್ಣು ಕಣಮ್ಮ. ನಾನಿನ್ನೂ ತಿರುವಿನಲ್ಲಿರ್ತೀನಿ, ಆಗ್ಲೇ ಹೆಸರು ಹಿಡಿದು ಕರೀತಾರೆ." ಆ ಹೊತ್ತಿಗೆ ಹದ್ದು ಮೇಜರರ ನಾಯಿಗೆ ಟೋಪಿ ಎತ್ತಿ ನಮಸ್ಕಾರ ಹೇಳುತ್ತಿತ್ತು.

ನನಗೂ ಹೆಸರು ಬಂತು. ಬಾಡಿಗೆ ದೋಣಿಯ ಹೆಂಗಸೊಬ್ಬಳು ಗಂಡನಿಗೆ ಹೇಳಿದ್ದು ನನಗೆ ಕೇಳಿಸಿತು.

"ಪಾಪ, ಆ ಹುಡುಗಿ ನೋಡಿದ್ರಾ? ತನ್ನಷ್ಟಕ್ಕೆ ತಾನೇ ವಟಗುಟ್ತಾಳೆ."

"ನೀರಿನ ಹತ್ರ ಇರೋರಿಗೆ ಹಾಗಾಗುತ್ತೆ," ಅಂದ ಗಂಡ, ಹುಟ್ಟನ್ನು ತಲೆಕೆಳಗಾಗಿ ಹಿಡಿದುಕೊಂಡು.

ಬೇಸಿಗೆಯಲ್ಲಿ ನಮಗೆ ರಜೆಯಿಲ್ಲ. ನಮ್ಮ ದೋಣಿವಿಹಾರ ವರ್ಷಕ್ಕೊಂದು, ಅದೂ ನವೆಂಬರಿನಲ್ಲಿ, ತಲೆ ನೆಟ್ಟಗಿರುವ ಯಾರೂ ನೀರಿಗಿಳಿಯದ ದಿನ. ಅಮ್ಮ ಎರಡು ಕೋಟು ಹಾಕಿಕೊಂಡು ಹಿಂದೆ ಕೂರುತ್ತಿದ್ದಳು, ಅಪ್ಪ ಹುಟ್ಟು ಹಾಕುತ್ತಿದ್ದ, ನಾನು ಮಧ್ಯದಲ್ಲಿ ಚಹಾದ ಫ್ಲಾಸ್ಕು ಅಪ್ಪಿಕೊಂಡು ಕೂರುತ್ತಿದ್ದೆ. ಎಲ್ಲಿಗೆ ಹೋಗುತ್ತಿದ್ದೆವು? ಮುಂದಿನ ಲಾಕಿಗೆ. ಊರೆಲ್ಲ ತಿರುಗುವ ಸ್ವಾತಂತ್ರ್ಯ ಸಿಕ್ಕಿದ ದಿನ ನಾವು ಮೂರು ಮೈಲಿ ಹೋಗಿ ಇನ್ನೊಂದು ಲಾಕು ನೋಡಿ ಬರುತ್ತಿದ್ದೆವು. ಕಾರಣ ಹೂದೋಟ. ನದಿಯುದ್ದಕ್ಕೂ ಯಾರ ಲಾಕಿನ ತೋಟ ಚೆಂದವೆಂದು ಕಚೇರಿಯವರು ಪ್ರತಿ ಆಗಸ್ಟಿನಲ್ಲಿ ಸ್ಪರ್ಧೆ ನಡೆಸುತ್ತಾರೆ. ಯಾರ ಲಾಕು ಚೆನ್ನಾಗಿ ನಡೆಯುತ್ತದೆಂಬುದಕ್ಕೆ ಸ್ಪರ್ಧೆಯಿಲ್ಲ. ನವೆಂಬರಿನಲ್ಲಿ ಅಲ್ಲಿ ಬರೀ ಮಣ್ಣು.

"ಹೇಗಿದೆ?" ಎಂದು ಕೇಳುತ್ತಿದ್ದ ಅಪ್ಪ, ಬೆಳಕು ಸರಿಯಿಲ್ಲದ್ದರಿಂದ.

"ಬೋಳು," ಎನ್ನುತ್ತಿದ್ದಳು ಅಮ್ಮ.

"ಆ ಲಾಕಿನವನು ಚೆನ್ನಾಗಿ ಅಗೆದಿದಾನಾ?"

"ಹಂದಿ ಅಗೆದ ಹಾಗಿದೆ."

ಅಪ್ಪ ಅಷ್ಟಕ್ಕೇ ಸಂತೋಷಪಟ್ಟು ದೋಣಿ ತಿರುಗಿಸುತ್ತಿದ್ದ. ಬರುವಾಗ ಅಮ್ಮ ಹಾಡಿಕೊಳ್ಳುತ್ತಿದ್ದಳು. ಅದಕ್ಕಿಂತ ಒಳ್ಳೆಯ ದಿನಗಳನ್ನು ನಾನು ಕಂಡಿಲ್ಲ. ಕಂಡವರು ಬೇರೆ ನದಿಗಳ ಮೇಲೆ ಇರಬಹುದು.

ಮೂರನೆಯ ಬೇಸಿಗೆ, ಆಗಸ್ಟಿನ ಎರಡನೆಯ ಗುರುವಾರ, ತೋಟಕ್ಕೆ ಅಂಕ ಹಾಕಲು ಇನ್ಸ್‌ಪೆಕ್ಟರ್ ಪೆಂಬ್ರಿ ಬರುವವರಿದ್ದರು. ಅಪ್ಪನ ಮೇಲಿನ ಅಧಿಕಾರಿ. ಲಾಕು ಕಾವಲುಗಾರರನ್ನು ಇಡುವುದೂ ತೆಗೆಯುವುದೂ ಅವರ ಒಂದು ವರದಿಯಲ್ಲಿ. ಬೆಳಗ್ಗೆ ಅಪ್ಪ ಮೆಟ್ಟಿಲ ಮೇಲೆ ಕೂತು ಶೂ ಪಾಲಿಶ್ ಮಾಡುತ್ತಿದ್ದ. ಎಡಗಾಲಿನದಕ್ಕೆ ಎರಡು ಸಲ ಆಗಿತ್ತು, ಬಲಗಾಲಿನದಕ್ಕೆ ಇನ್ನೂ ಒಂದೂ ಇಲ್ಲ.

"ಇವತ್ತು ನೀನು ನನ್ನ ಪಕ್ಕ ನಿಲ್ಲೋದು ಬೇಡ, ಓಲಿವ್," ಅಂದ.

"ಯಾಕೆ?"

"ಈ ಹುಡುಗಿ ಯಾಕೆ ನಿಂಗೆ ಅಂಟಿಕೊಂಡಿದಾಳೆ ಅಂತ ಸಾಹೇಬ್ರು ಕೇಳ್ತಾರೆ. ಚಕ್ರ ಹತ್ತೊಂಬತ್ತು ಸುತ್ತು. ನಿದ್ದೆಯಲ್ಲೂ ತಿರುಗಿಸ್ತೀನಿ."

"ಚಕ್ರ ಕಾಣದೇ ಇದ್ರೂ ನಡಿಯುತ್ತಪ್ಪ. ದೋಣಿ ಕಾಣಬೇಕಲ್ಲ."

"ಬರೋದು ಪೆಂಬ್ರಿ ಸಾಹೇಬ್ರ ದೋಣಿ. ಹಗ್ಗ ಹೇಗೆ ಹಿಡೀಬೇಕು ಅಂತ ಅವ್ರಿಗೆ ನಾನು ಹೇಳಿಕೊಡಬೇಕಾ? ಆ ನಿಯಮ ಬರೆದೋರೇ ಅವ್ರು."

ಅಮ್ಮ ಒಳಗಿನಿಂದ ಅಂದಳು, "ಹ್ಯೂಬರ್ಟ್, ಮೊದ್ಲು ಬಲಗಾಲಿನ ಶೂ ನೋಡು. ನಿಯಮ ಆಮೇಲೆ."

ನನಗೆ ಚಹಾದ ತಟ್ಟೆ ಕೊಟ್ಟು ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿದರು. ಹನ್ನೊಂದು ಗಂಟೆಗೆ ಕಚೇರಿಯ ದೋಣಿ ಬಂತು. ಹಿತ್ತಾಳೆಯೆಲ್ಲ ಹೊಳೆಯುವ ಉದ್ದನೆಯ ಮೋಟಾರು ದೋಣಿ. ಪ್ರತಿ ವರ್ಷ ಅದನ್ನು ನಡೆಸುವುದಕ್ಕೆ ಒಬ್ಬ ಆಳು, ಹಗ್ಗ ಹಿಡಿಯುವುದಕ್ಕೆ ಇನ್ನೊಬ್ಬ ಇರುತ್ತಿದ್ದರು. ಆ ದಿನ ಇಬ್ಬರಿಗೂ ಹೊಟ್ಟೆ ಕೆಟ್ಟಿತ್ತಂತೆ, ಹಿಂದಿನ ಲಾಕಿನಲ್ಲಿ ತಿಂದ ಮೀನಿನ ದಯೆ. ಸಾಹೇಬರೇ ನಡೆಸಿಕೊಂಡು ಬಂದಿದ್ದರು. ಮಧ್ಯದ ಬೆತ್ತದ ಕುರ್ಚಿಯಲ್ಲಿ ಮಿಸೆಸ್ ಪೆಂಬ್ರಿ, ತೊಡೆಯ ಮೇಲೆ ಊಟದ ಬುಟ್ಟಿ, ತಲೆಯ ಮೇಲೆ ಚೆರ್ರಿ ಹಣ್ಣುಗಳ ಟೋಪಿ.

"ಗುಡ್ ಮಾರ್ನಿಂಗ್, ಡಕೆಟ್," ಅಂದರು ಸಾಹೇಬರು.

"ಗುಡ್ ಮಾರ್ನಿಂಗ್ ಸಾರ್. ಮೇಡಂ, ನಿಮ್ಮ ಟೋಪಿ ಬಹಳ ಚೆನ್ನಾಗಿದೆ," ಅಂದ ಅಪ್ಪ. ಹೆಂಗಸರ ಟೋಪಿಯನ್ನು ನೋಡದೆಯೂ ಹೊಗಳಬಹುದೆಂದು ಅವನು ಕಂಡುಕೊಂಡಿದ್ದ. ಮೂರು ವರ್ಷದಲ್ಲಿ ಒಂದೇ ಸಲ ತಪ್ಪಾಗಿತ್ತು, ಅದು ಪಾದ್ರಿಗಳಿಗೆ.

ಮೇಲಿನ ಕದಗಳು ಮುಚ್ಚಿದವು. ಪೆಂಬ್ರಿಯವರು ದೋಣಿಯ ಮುಂದಿನ ಹಗ್ಗ ಹಿಡಿದು ದಡಕ್ಕೆ ಬಂದರು. ಇಪ್ಪತ್ತು ವರ್ಷ ಬೇರೆಯವರು ಹಗ್ಗ ಹಿಡಿಯುವುದನ್ನು ಪರೀಕ್ಷೆ ಮಾಡಿದ ಮನುಷ್ಯ, ಸ್ವತಃ ಹಿಡಿಯುತ್ತಿದ್ದದ್ದು ಬಹುಶಃ ಅದೇ ಮೊದಲು. ಗೂಟಕ್ಕೆ ನಾಲ್ಕು ಸುತ್ತು ಸುತ್ತಿದರು, ಮೇಲೊಂದು ಗಂಟು, ಗಂಟಿನ ಮೇಲೆ ಇನ್ನೊಂದು. ಹಿಂದಿನ ಹಗ್ಗವನ್ನು ಕಟ್ಟಲೇ ಇಲ್ಲ. ಕೈ ಒರೆಸಿಕೊಂಡು ಜೇಬಿನಿಂದ ಪುಸ್ತಕ ತೆಗೆದರು.

"ನೀವು ನೀರು ಬಿಡಿ, ಡಕೆಟ್. ಅಷ್ಟರಲ್ಲಿ ನಾನು ತೋಟ ನೋಡಿಬಿಡ್ತೀನಿ. ಸಮಯ ಉಳಿಯುತ್ತೆ."

ಅಪ್ಪ ಈಚೆ ದಡದ ಚಕ್ರ ತಿರುಗಿಸಿದ, ಹತ್ತೊಂಬತ್ತು ಸುತ್ತು, ಒಂದೂ ಹೆಚ್ಚಲ್ಲ, ಒಂದೂ ಕಡಿಮೆಯಲ್ಲ. ಕದದ ಮೇಲಿನ ಹಲಗೆ ದಾಟಿ ಆಚೆ ದಡದ ಚಕ್ರವನ್ನೂ ತಿರುಗಿಸಿ ಬಂದ. ನಡಿಗೆಯಲ್ಲಿ ಒಂದು ತಡವರಿಕೆ ಇಲ್ಲ. ಅಮ್ಮ ನನ್ನ ಹಿಂದೆ ಉಸಿರು ಬಿಟ್ಟಳು. ತೂಬಿನಿಂದ ನೀರು ಹೊರಗೆ ಭೋರ್ಗರೆಯಿತು. ಅಪ್ಪ ಚಕ್ರದ ಪಕ್ಕ ಎದೆ ಸೆಟೆಸಿ ನಿಂತು, ಸಾಹೇಬರು ಇದ್ದಾರೆಂದುಕೊಂಡ ಕಡೆಗೆ ನಗುತ್ತಾ ಡೇಲಿಯಾ ಹೂವಿನ ಗೊಬ್ಬರದ ಬಗ್ಗೆ ಹೇಳತೊಡಗಿದ. ಸಾಹೇಬರು ಇನ್ನೊಂದು ಕಡೆಯಲ್ಲಿ ಬಗ್ಗಿ ಎಲೆಗಳಲ್ಲಿ ಹುಳು ಹುಡುಕುತ್ತಿದ್ದರು.

ನಾನು ನೋಡುತ್ತಿದ್ದದ್ದು ಹಗ್ಗವನ್ನು. ಅದು ಮೊದಲು ನೆಟ್ಟಗಾಯಿತು, ಆಮೇಲೆ ಕಿರ್‌ ಎಂದಿತು. ದೋಣಿಯ ಮೂತಿ ಮೇಲೆಯೇ ನಿಂತಿತು, ಬಾಲ ಇಳಿಯತೊಡಗಿತು. ಮಿಸೆಸ್ ಪೆಂಬ್ರಿಯವರ ಕುರ್ಚಿ ಒಂದು ಗೇಣು ಹಿಂದಕ್ಕೆ ಸರಿಯಿತು.

"ಕ್ಲಾರೆನ್ಸ್," ಅಂದರು ಅವರು, ಉಪ್ಪಿನ ಡಬ್ಬಿ ಕೇಳುವ ದನಿಯಲ್ಲಿ, "ನಾನು ಜಾರ್ತಾ ಇದೀನಿ ಅನ್ಸುತ್ತೆ."

"ಒಂದು ನಿಮಿಷ, ಡಿಯರ್," ಅಂದರು ಸಾಹೇಬರು, ಹುಳುವೊಂದು ಸಿಕ್ಕಿದ್ದರಿಂದ.

"ಅಪ್ಪ, ತೂಬು," ಅಂದೆ ನಾನು, ಎಂದಿನ ಹಾಗೆ, ತುಟಿಯಲ್ಲೇ. ಆದರೆ ಅಪ್ಪ ಮೂವತ್ತು ಗಜ ದೂರವಿದ್ದ. ಗೊಬ್ಬರದ ಮಾತು ಕುದುರೆ ಲದ್ದಿಗೆ ತಲುಪಿತ್ತು. ಬುಟ್ಟಿ ಉರುಳಿ, ಕೋಳಿಯ ಒಂದು ಕಾಲು ನೀರಿಗೆ ಬಿತ್ತು. ಗಟ್ಟಿಯಾಗಿ ಕೂಗಿದರೆ ಅಪ್ಪನಿಗೆ ಕಣ್ಣಿಲ್ಲವೆಂದು ಊರಿಗೇ ಹೇಳಿದಂತೆ. ಮನೆ ಹೋಗುತ್ತದೆ. ಕೂಗದಿದ್ದರೆ ಹೆಂಗಸೊಬ್ಬಳು ಹೋಗುತ್ತಾಳೆ, ಚೆರ್ರಿ ಹಣ್ಣುಗಳ ಸಮೇತ. ನಾನು ಯೋಚಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ಕ್ಷಣ ಯೋಚಿಸಿದೆ. ಆ ಕ್ಷಣ ನನಗೆ ಇವತ್ತಿಗೂ ಹಿತವಾಗಿಲ್ಲ.

"ಅಪ್ಪ, ತೂಬು ಇಳಿಸು. ಹಗ್ಗಕ್ಕೆ ಗಂಟು ಬಿದ್ದಿದೆ."

ಆ ದನಿ ಎಲ್ಲಿತ್ತೋ ಗೊತ್ತಿಲ್ಲ. ಎಣ್ಣೆ ಕಾಣದ ಕದ ಕಿರುಚಿದ ಹಾಗಿತ್ತು. ಆಚೆ ದಡದ ಹಸುಗಳು ತಲೆಯೆತ್ತಿದವು. ಅಪ್ಪ ಪ್ರಶ್ನೆ ಕೇಳಲಿಲ್ಲ. ಚಕ್ರದ ತಡೆ ಬಿಡಿಸಿದ, ತೂಬು ದಡ್ ಎಂದು ಬಿತ್ತು. ನಾನು ತಟ್ಟೆ ಕೆಳಗಿಟ್ಟು ಓಡಿ, ಹಲಗೆ ದಾಟಿ ಆಚೆಯದನ್ನೂ ಇಳಿಸಿದೆ. ಆಮೇಲೆ ಮೇಲಿನ ಕದಕ್ಕೆ ಓಡಿ ಅಲ್ಲಿನ ತೂಬನ್ನು ನಾಲ್ಕೇ ಸುತ್ತು ಎತ್ತಿದೆ. ಜಾಸ್ತಿ ಎತ್ತಿದರೆ ನೀರು ನುಗ್ಗಿ ದೋಣಿಯನ್ನು ಗೋಡೆಗೆ ಬಡಿಯುತ್ತದೆ. ತೊಟ್ಟಿ ಮೆಲ್ಲಗೆ ತುಂಬಿತು. ಬಾಲ ಎದ್ದಿತು, ಹಗ್ಗ ಸಡಿಲವಾಯಿತು, ಕುರ್ಚಿ ಮುಂದೆ ಬಂತು. ಮಿಸೆಸ್ ಪೆಂಬ್ರಿ ಟೋಪಿ ಸರಿಮಾಡಿಕೊಂಡರು.

"ಯಾವ ಹಗ್ಗ, ಓಲಿವ್?" ಎಂದು ಕೇಳಿದ ಅಪ್ಪ. "ಮುಂದಿಂದಾ ಹಿಂದಿಂದಾ?"

ದೋಣಿ ಅವನೆದುರು ಎರಡು ಮಾರು ದೂರದಲ್ಲಿತ್ತು. ಗಂಟು ಅವನ ಮೊಣಕಾಲಿನ ಹತ್ತಿರ.

ಪೆಂಬ್ರಿಯವರು ಗಂಟನ್ನು ನೋಡಿದರು, ಅಪ್ಪನನ್ನು ನೋಡಿದರು. ದಡ್ಡರಲ್ಲ. ಪುಸ್ತಕದ ಒಂದು ಖಾಲಿ ಹಾಳೆ ತೆರೆದು ಅಪ್ಪನ ಮುಖದ ಮುಂದೆ ಹಿಡಿದರು.

"ಡಕೆಟ್, ನಾನು ಹಾಕಿರೋ ಅಂಕ ನೋಡಿ. ಸರಿ ಇದೆಯೇನ್ರೀ?"

ಅಪ್ಪ ಗಂಭೀರವಾಗಿ ನೋಡಿದ. "ಬಹಳ ಉದಾರವಾಗಿ ಹಾಕಿದೀರಿ, ಸಾರ್," ಅಂದ.

ಅಮ್ಮ ಬಾಗಿಲಲ್ಲಿ ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡಳು. ಪೆಂಬ್ರಿಯವರು ಪೆನ್ಸಿಲ್ ತೆಗೆದರು. ನನಗೆ ದೊಡ್ಡಮ್ಮನ ಅಂಗಡಿಯ ಗಂಟೆ ಕಿವಿಯಲ್ಲೇ ಕೇಳಿಸಿತು.

"ಎಷ್ಟು ದಿನದಿಂದ ಹೀಗೆ?" ಎಂದು ಅವರು ಕೇಳಿದ್ದು ಅಪ್ಪನನ್ನಲ್ಲ, ನನ್ನನ್ನು.

"ಮೂರು ಬೇಸಿಗೆ," ಅಂದೆ.

"ಬೆಳಕು ಸರಿಯಿಲ್ಲ, ಸಾರ್," ಅಂದ ಅಪ್ಪ.

"ಇದನ್ನ ನಾನು ವರದಿ ಮಾಡಲೇಬೇಕು. ದೋಣಿಯಲ್ಲಿ ಜೀವ ಇತ್ತು."

"ಆ ಜೀವ ಇಲ್ಲೇ ಕೂತಿದೆ, ಕ್ಲಾರೆನ್ಸ್," ಅಂದರು ಮಿಸೆಸ್ ಪೆಂಬ್ರಿ ದೋಣಿಯಿಂದ. "ಅದಕ್ಕೂ ಒಂದು ಮಾತು ಕೇಳೋದಿದೆ. ಆ ಗಂಟು ಹಾಕಿದ್ದು ಯಾರು?"

ಸಾಹೇಬರು ಡೇಲಿಯಾಗಳ ಕಡೆ ತಿರುಗಿದರು.

"ಬರೀರಿ," ಅಂದರು ಮಿಸೆಸ್ ಪೆಂಬ್ರಿ. "ಆದ್ರೆ ಎರಡನ್ನೂ ಬರೀರಿ. ಕಾವಲುಗಾರನಿಗೆ ಕಣ್ಣು ಕಾಣ್ಲಿಲ್ಲ. ಕಣ್ಣು ಕಾಣೋ ಇನ್ಸ್‌ಪೆಕ್ಟರು ಹೆಂಡ್ತೀನ ಗೋಡೆಗೆ ನೇತುಹಾಕಿ ಹುಳ ಹುಡುಕ್ತಾ ಇದ್ರು. ಒಂದೇ ಹಾಳೆ ಸಾಕಾಗುತ್ತೆ. ನಾನು ಸಹಿ ಹಾಕ್ತೀನಿ."

ನದಿಯ ಮೇಲೆ ನ್ಯಾಯ ಹೀಗೆ ನಡೆಯುತ್ತದೆ. ಪೆನ್ಸಿಲ್ ಜೇಬಿಗೆ ಹೋಯಿತು.

"ನಾನು ಏನೂ ನೋಡಲಿಲ್ಲ, ಡಕೆಟ್," ಅಂದರು ಸಾಹೇಬರು ಕೊನೆಗೆ.

"ನಾನೂ ನೋಡಲಿಲ್ಲ, ಸಾರ್," ಅಂದ ಅಪ್ಪ. ಮೂರು ವರ್ಷಗಳಲ್ಲಿ ಆ ವಿಷಯದ ಮೇಲೆ ಅವನು ಆಡಿದ ಮೊದಲ ನಿಜ.

ಆಮೇಲೆ ಎಲ್ಲ ಸಲೀಸಾಯಿತು, ತಪ್ಪು ದೊಡ್ಡವರದ್ದೂ ಆದಾಗ ಆಗುವಂತೆ. ಮಿಸೆಸ್ ಪೆಂಬ್ರಿಯವರ ತಂಗಿಗೂ ಇದೇ ಪೊರೆ ಬಂದು ಶಸ್ತ್ರಚಿಕಿತ್ಸೆ ಆಗಿತ್ತಂತೆ. ದೋಣಿಗಳು ಕಡಿಮೆಯಿರುವ ಜನವರಿಯಲ್ಲಿ ಅಪ್ಪನಿಗೆ ರಜೆ ಕೊಡುವುದು, ಕಾರಣದ ಜಾಗದಲ್ಲಿ 'ಕೌಟುಂಬಿಕ' ಎಂದು ಬರೆಯುವುದು, ಮಾರ್ಚ್ ಕೊನೆಯವರೆಗೆ ತಾತ್ಕಾಲಿಕ ಸಹಾಯಕರಾಗಿ 'ಓ. ಡಕೆಟ್' ಅವರನ್ನು ನೇಮಿಸುವುದು ಎಂದಾಯಿತು. ತೋಟಕ್ಕೆ ಎರಡನೆಯ ಬಹುಮಾನ ಬಂತು. ಮೊದಲನೆಯದು ಕೊಟ್ಟರೆ ಜನ ಮಾತಾಡುತ್ತಾರೆಂದು ಸಾಹೇಬರಿಗೆ ಅನ್ನಿಸಿರಬೇಕು. ಮನೆ ಉಳಿಯಿತೆಂದು ಸಂತೋಷಪಡುವುದು ಬಿಟ್ಟು ಅಪ್ಪ ಎರಡು ವಾರ ಅದಕ್ಕೇ ಮುಖ ಊದಿಸಿಕೊಂಡಿದ್ದ.

ಜನವರಿಯಲ್ಲಿ ಅವನು ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿದು ಆಸ್ಪತ್ರೆಯಲ್ಲಿ ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟುಕೊಂಡು ಅಲುಗಾಡದೆ ಮಲಗಿದ್ದ. ನದಿ ಉಬ್ಬಿತು. ನಾನು ಲಾಕಿನ ಪಕ್ಕದಲ್ಲಿ ನದಿಗೆ ಅಡ್ಡ ಕಟ್ಟಿದ ಒಡ್ಡಿನ ಹಲಗೆಗಳನ್ನು ಒಂದೊಂದಾಗಿ ಎತ್ತಿ ನೀರು ಬಿಟ್ಟೆ, ಹಗ್ಗದಿಂದ ಸೊಂಟವನ್ನು ಕಂಬಿಗೆ ಕಟ್ಟಿಕೊಂಡು. ಕಲ್ಲಿದ್ದಲಿನ ಎರಡು ದೋಣಿ, ಮನೆಗಿಂತ ನದಿಯೇ ಬೆಚ್ಚಗೆಂಬ ಮೇಜರ್ ಸ್ಟ್ರೋಡ್, ಇಷ್ಟೇ ಬಂದದ್ದು. ಮೇಜರ್‌ಗೆ ನಾನು, "ಹಗ್ಗ ಸಡಿಲ ಬಿಡಿ," ಅಂದೆ. ಅವರು ಬಿಟ್ಟರು. ಆಕಾಶ ಬೀಳಲಿಲ್ಲ.

ಅಪ್ಪ ಫೆಬ್ರವರಿಯಲ್ಲಿ ಬಾಟಲಿ ತಳದಷ್ಟು ದಪ್ಪನೆಯ ಕನ್ನಡಕ ಹಾಕಿಕೊಂಡು ಬಂದ. ಅಡುಗೆಮನೆಯಲ್ಲಿ ನನ್ನನ್ನು ಬಹಳ ಹೊತ್ತು ನೋಡಿದ. ಅವನು ಕೊನೆಯ ಸಲ ನೋಡಿದಾಗ ನನಗೆ ಜಡೆಯಿತ್ತು.

"ನಿನ್ನ ಮೂಗು ಹೀಗಿತ್ತಾ?" ಅಂದ.

"ಹೀಗೇ ಇತ್ತು," ಅಂದಳು ಅಮ್ಮ. "ನೀನು ಗಮನಿಸಿರ್ಲಿಲ್ಲ."

ಮಾರ್ಚ್ ಮುಗಿಯುತ್ತಾ ಬಂತು. ಒಂದು ಸಂಜೆ ಚಹಾ ಕುಡಿಯುವಾಗ ಅಪ್ಪ ಉದಾರವಾಗಿ ಹೇಳಿದ, "ಇನ್ನು ನಿಂಗೆ ಬಿಡುಗಡೆ ಕಣೇ ಓಲಿವ್. ಪಾಪ, ನಂಗೋಸ್ಕರ ಬಹಳ ಕಷ್ಟಪಟ್ಟೆ. ಐಡಾ ಕಾಗದ ಬರ್ದಿದಾಳೆ, ಅಂಗಡಿಯಲ್ಲಿ ಜಾಗ ಖಾಲಿ ಇದೆಯಂತೆ."

ಮನೆ ಉಳಿದಿತ್ತು, ಅಪ್ಪನ ಕೆಲಸ ಉಳಿದಿತ್ತು. ಉಳಿಯದೆ ಹೋಗುತ್ತಿದ್ದವಳು ನಾನು. ನಾನು ಎದ್ದು ಹೋಗಿ ಅವನ ಕುರ್ಚಿಯ ಎಡಗಡೆ ನಿಂತೆ.

"ನಾನು ಎಷ್ಟು ಬೆರಳು ಎತ್ತಿದೀನಿ?"

"ಮುಂದೆ ಬಾ. ಪಕ್ಕದ್ದು ಕಾಣಲ್ಲ. ಈ ಕನ್ನಡಕದಲ್ಲಿ ಎದುರಿನದು ಮಾತ್ರ ಅಂತ ಡಾಕ್ಟ್ರು ಹೇಳಿದಾರೆ."

"ದೋಣಿಗಳು ಎದುರಿಂದಲೇ ಬರುತ್ವಾ?"

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ.

"ಬೆಳಗಿನ ಹೊತ್ತು ನಂದು," ಅಂದೆ. ಸಾಕಷ್ಟು ಗಟ್ಟಿಯಾಗಿಯೇ ಅಂದೆನೆಂದು ಕಾಣುತ್ತದೆ, ಅಮ್ಮ ಕೆಟಲಿ ಕೆಳಗಿಟ್ಟಳು. "ಮಧ್ಯಾಹ್ನದ್ದು ನಿಂದು. ಭಾನುವಾರ ಇಬ್ಬರೂ. ಸಹಾಯಕರು ಇನ್ನೂ ಬೇಕು ಅಂತ ಕಚೇರಿಗೆ ಬರಿ."

"ಹುಡುಗಿ ಚಕ್ರ ತಿರುಗಿಸಿದ್ರೆ ಜನ ಏನಂತಾರೆ?"

"ಮೂರು ವರ್ಷದಿಂದ ಅವಳಿಗೆ ತಲೆ ಕೆಟ್ಟಿದೆ ಅಂತಿದಾರೆ," ಅಂದಳು ಅಮ್ಮ. "ಅದಕ್ಕಿಂತ ಇನ್ನೇನಂತಾರೆ?"

ಅಪ್ಪ ಸ್ವಲ್ಪ ಹೊತ್ತು ಚಹಾ ಕಲಕಿದ. ಸಕ್ಕರೆ ಹಾಕಿರಲಿಲ್ಲ. ಆಮೇಲೆ, "ಪೆನ್ನು ಎಲ್ಲಿದೆ?" ಅಂದ.

ಏಪ್ರಿಲಿನಲ್ಲಿ ಕಚೇರಿಯಿಂದ ಒಂದು ಪಾರ್ಸಲು ಬಂತು. ಮೇಲೆ 'ಮಿಸ್ಟರ್ ಓ. ಡಕೆಟ್, ಸಹಾಯಕ ಕಾವಲುಗಾರ' ಎಂದಿತ್ತು. ಒಳಗೆ ನೀಲಿ ಕೋಟು, ಹಿತ್ತಾಳೆ ಗುಂಡಿಗಳು, ಪ್ಯಾಂಟು. ಆರಡಿ ಎತ್ತರದ ಗಂಡಸಿನ ಅಳತೆ. ಕಚೇರಿಯವರ ಲೆಕ್ಕದಲ್ಲಿ ನಾನು ಹಾಗಿದ್ದೆ, ಈಗಲೂ ಹಾಗೇ ಇದ್ದೇನೆ.

"ಇದು ಗಂಡಸರದ್ದು ಅಂತ ಬರೆದು ವಾಪಸ್ ಕಳಿಸೋಣ್ವಾ?" ಅಂದ ಅಪ್ಪ.

ಅಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಆಗಲೇ ನನ್ನ ಕಾಲ ಬಳಿ ಕೂತಿದ್ದಳು. "ಬಟ್ಟೆ ಗಟ್ಟಿಯಿದೆ," ಅಂದಳು ಹಲ್ಲುಗಳ ಮಧ್ಯದಿಂದ. "ಓಲಿವ್, ನೆಟ್ಟಗೆ ನಿಂತ್ಕೋ."